ಮನೆಯ ತೊಟ್ಟಿಯಲ್ಲಿ ಹವಳ: ನೀರಿನ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸೊರಗಿದರೆ ಹೆಚ್ಚಿನವರು ಮೊದಲು ಬೆಳಕನ್ನು ಅನುಮಾನಿಸುತ್ತಾರೆ. ಇನ್ನೂ ದುಬಾರಿ ಎಲ್‌ಇಡಿ ತರುತ್ತಾರೆ, ಬಾಟಲಿಯಲ್ಲಿ ಬರುವ ಟಾನಿಕ್ ಸುರಿಯುತ್ತಾರೆ. ಕಾರಣ ಸಾಮಾನ್ಯವಾಗಿ ನೀರಿನಲ್ಲಿರುತ್ತದೆ. ನೀರು ಕೊಳಕಾಗಿರಬೇಕೆಂದೇನಿಲ್ಲ, ಸೋಮವಾರ ಒಂದು ಥರ, ಶುಕ್ರವಾರ ಇನ್ನೊಂದು ಥರ ಇದ್ದರೆ ಸಾಕು. ಹವಳ ಸ್ವಲ್ಪ ಹೆಚ್ಚುಕಡಿಮೆಯ ಅಂಕಿಯನ್ನು ಸಹಿಸುತ್ತದೆ, ಅಂಕಿ ಕುಣಿದಾಡುವುದನ್ನು ಸಹಿಸುವುದಿಲ್ಲ.

ಹವಳ ಪ್ರಾಣಿ. ಪಾಲಿಪ್ ಎಂಬ ಪುಟ್ಟ ಬಾಯಿಗಳ ಸಮೂಹ. ಅದರ ಅಂಗಾಂಶದೊಳಗೆ ಜೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿ ವಾಸವಾಗಿರುತ್ತದೆ. ಬೆಳಕು ಹೀರಿ ಪಾಚಿ ತಯಾರಿಸುವ ಸಕ್ಕರೆಯಲ್ಲಿ ದೊಡ್ಡ ಪಾಲು ಹವಳಕ್ಕೆ ಸಲ್ಲುತ್ತದೆ. ಗಟ್ಟಿ ಹವಳ ಇದರ ಜೊತೆಗೆ ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎಳೆದುಕೊಂಡು ಅರಗೊನೈಟ್ ಎಂಬ ಸುಣ್ಣದ ಅಸ್ಥಿ ಕಟ್ಟುತ್ತದೆ. ಸಮುದ್ರದಲ್ಲಿ ಎಷ್ಟು ಎಳೆದರೂ ಅದು ಮುಗಿಯದು. 200 ಲೀಟರ್ ತೊಟ್ಟಿಯಲ್ಲಿ ಕೆಲವೇ ದಿನಗಳಲ್ಲಿ ಕೊರತೆ ಕಾಣುತ್ತದೆ. ಹವಳ ತೆಗೆದುಕೊಂಡಷ್ಟನ್ನು, ಅದು ತೆಗೆದುಕೊಂಡ ವೇಗದಲ್ಲೇ ಮರಳಿ ಕೊಡುವುದು ಸಾಕುವವರ ಮುಖ್ಯ ಕೆಲಸ.

ಯಾವ ಹವಳ ಸಾಕಬಹುದು ಎನ್ನುವುದನ್ನು ಭಾರತದಲ್ಲಿರುವವರು ಮೊದಲೇ ತಿಳಿದಿರಬೇಕು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಗೆ ಹವಳದ ದಂಡೆ (ರೀಫ್) ಕಟ್ಟುವ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ ಮತ್ತು ಗೋರ್ಗೋನಿಯನ್ ಬೀಸಣಿಗೆ ಹವಳಗಳು ಸೇರಿದವು. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ಲಕ್ಷದ್ವೀಪದ್ದಿರಲಿ, ಮುರ್ಡೇಶ್ವರದ ಎದುರಿನ ನೇತ್ರಾಣಿಯದ್ದಿರಲಿ, ಒಂದು ತುಂಡು ಮುರಿದು ತರುವುದು ಅಪರಾಧ. ಸತ್ತು ಬಿಳಿಯಾದ ಅಸ್ಥಿಯನ್ನು ಮಾರುವುದಕ್ಕೂ ಇದೇ ನಿಷೇಧ. ಅಂಗಡಿಯವರು ಲೈವ್ ರಾಕ್ ಎಂದು ಕೊಡುವ ಬಂಡೆ ಬಹಳ ಸಲ ಹಳೆಯ ಹವಳದ ಅಸ್ಥಿಯೇ ಆಗಿರುವುದರಿಂದ ಅದರ ಬದಲು ಸೆರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಕೃತಕ ಬಂಡೆ ಬಳಸಿ. ಮಶ್ರೂಮ್, ಜೋಆಂಥಿಡ್ ಮತ್ತು ಲೆದರ್ ಎಂಬ, ಸುಣ್ಣದ ಅಸ್ಥಿ ಕಟ್ಟದ ಮೃದು ಹವಳಗಳು 2001ರ ಆ ಪಟ್ಟಿಯ ಹೆಸರುಗಳಲ್ಲಿಲ್ಲ. ಆದರೂ ಬಿಲ್ಲು ಮತ್ತು ಆಮದಿನ ಕಾಗದ ಕೇಳಿ ಪಡೆದೇ ಕೊಳ್ಳಿ. ಅಮೆರಿಕ, ಯುರೋಪುಗಳಲ್ಲಿರುವ ಕನ್ನಡಿಗರಿಗೆ ಗಟ್ಟಿ ಹವಳದ ಕಾನೂನುಬದ್ಧ ಮಾರುಕಟ್ಟೆ ಇದೆ. ಅಲ್ಲೂ ಅವು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ 2ನೇ ಅನುಬಂಧದಲ್ಲಿವೆ. ಸಮುದ್ರದ ದಂಡೆಯಿಂದ ಕಿತ್ತು ತಂದದ್ದಕ್ಕಿಂತ ತೊಟ್ಟಿಯಲ್ಲೇ ಬೆಳೆಸಿದ ಫ್ರ್ಯಾಗ್, ಅಂದರೆ ಕತ್ತರಿಸಿ ನೆಟ್ಟ ತುಂಡು, ಎಲ್ಲ ಬಗೆಯಲ್ಲೂ ಮೇಲು. ಅದು ತೊಟ್ಟಿಯ ಬದುಕಿಗೆ ಒಗ್ಗಿಕೊಂಡಿರುತ್ತದೆ.

ನೀರು ಎಲ್ಲಿಂದ ಬರಬೇಕು? ಬೋರ್‌ವೆಲ್ ನೀರು, ನಲ್ಲಿ ನೀರು ಎರಡೂ ಬೇಡ. ಆರ್‌ಓ ದಾಟಿ, ಆಮೇಲೆ ಉಳಿದ ಲವಣವನ್ನೂ ಹೀರುವ ಡಿಐ (ಡಿಅಯನೈಸೇಶನ್) ರೆಸಿನ್ ದಾಟಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 0 ತೋರಿಸುವ ನೀರು ಬೇಕು. ಅಡುಗೆಮನೆಯ ಆರ್‌ಓ ಇದೆಯಲ್ಲ ಎಂದು ಅದರ ನೀರನ್ನೇ ಬಳಸುವವರಿದ್ದಾರೆ. ಕುಡಿಯುವ ನೀರಿಗೆ ರುಚಿ ಬರಲೆಂದು ಆ ಯಂತ್ರಗಳಲ್ಲಿ ಖನಿಜ ಬೆರೆಸುವ ಕಾರ್ಟ್ರಿಜ್ ಇರುತ್ತದೆ, ಸ್ವಲ್ಪ ಕಚ್ಚಾ ನೀರನ್ನೇ ಬೆರೆಸುವ ಟಿಡಿಎಸ್ ತಿರುಪು ಇರುತ್ತದೆ. ಇನ್ನೂ ಅಪಾಯದ್ದು ಈಗ ಜನಪ್ರಿಯವಾಗಿರುವ ತಾಮ್ರದ ಕಾರ್ಟ್ರಿಜ್. ನಮಗೆ ಒಳ್ಳೆಯದೆಂದು ಮಾರುವ ಆ ತಾಮ್ರ ಹವಳ, ಸೀಗಡಿ, ಬಸವನಹುಳುಗಳಿಗೆ ಅತಿ ಕಡಿಮೆ ಪ್ರಮಾಣದಲ್ಲೂ ವಿಷ. ಮನೆಯ ಯಂತ್ರವನ್ನೇ ಬಳಸುವುದಾದರೆ ಪೊರೆ ದಾಟಿದ ತಕ್ಷಣ, ಈ ಕಾರ್ಟ್ರಿಜ್‌ಗಳಿಗಿಂತ ಮೊದಲೇ, T ಆಕಾರದ ಒಂದು ಕವಲು ಜೋಡಣೆ ಹಾಕಿ ಪೈಪು ಎಳೆದು ಡಿಐ ರೆಸಿನ್ ಡಬ್ಬಿಗೆ ಕೊಡಿ. ಡಿಐ ದಾಟಿದ ನೀರು 2 ಅಥವಾ 3 ತೋರಿಸತೊಡಗಿದರೆ ರೆಸಿನ್ ಮುಗಿಯಿತೆಂದೇ ಅರ್ಥ, ಬದಲಾಯಿಸಿ.

ಉಪ್ಪು ಎಂದರೆ ಹವಳದ ತೊಟ್ಟಿಗೆಂದೇ ತಯಾರಿಸಿದ ಸಿಂಥೆಟಿಕ್ ಸಮುದ್ರ ಉಪ್ಪು. ಕಲ್ಲುಪ್ಪಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಕರಾವಳಿಯವರು ದಡದಿಂದ ಕ್ಯಾನಿನಲ್ಲಿ ನೀರು ತುಂಬಿ ತರುವುದೂ ಬೇಡ. ಮಳೆಗಾಲದಲ್ಲಿ ನೇತ್ರಾವತಿ, ಕಾಳಿಯಂಥ ನದಿಗಳ ಮುಖದ ಬಳಿ ಉಪ್ಪಿನಂಶ ಪಾತಾಳಕ್ಕಿಳಿದಿರುತ್ತದೆ, ಜೊತೆಗೆ ಕೆಸರು, ಗೊಬ್ಬರ, ದೋಣಿಯ ಎಣ್ಣೆ. ಬ್ರ್ಯಾಂಡಿಗೆ ತಕ್ಕಂತೆ ಲೀಟರಿಗೆ 36ರಿಂದ 39 ಗ್ರಾಂ ಉಪ್ಪು ಹಿಡಿಯುತ್ತದೆ. ಸುಮಾರು 25 ಡಿಗ್ರಿಯ ನೀರಿನಲ್ಲಿ ಪಂಪು ಓಡಿಸಿಕೊಂಡು, ನೀರಿಗೆ ಉಪ್ಪನ್ನು ಸ್ವಲ್ಪಸ್ವಲ್ಪವೇ ಹಾಕಿ. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ತಳದ ದಟ್ಟ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ನೀರು ಹಾಲಿನಂತಾಗುತ್ತದೆ. ಆಮೇಲೆ ಅದು ಕರಗುವುದಿಲ್ಲ, ಆ ನೀರಿನ ಕ್ಯಾಲ್ಸಿಯಂ ಹೋಯಿತೆಂದೇ ತಿಳಿಯಿರಿ.

ಉಪ್ಪಿನಂಶದ ಗುರಿ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ), ಅಂದರೆ ಸಾಪೇಕ್ಷ ಸಾಂದ್ರತೆ 1.026. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ರಿಫ್ರ್ಯಾಕ್ಟೋಮೀಟರನ್ನು ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ಬಿಟ್ಟರೆ 35ರ ಹತ್ತಿರ ಅದು ಎರಡು ಮೂರು ಅಂಕ ತಪ್ಪು ಹೇಳಬಹುದು. 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಡಿಐ ನೀರಿನಲ್ಲಿ ಕರಗಿಸಿದರೆ ಅದರ ವಕ್ರೀಭವನ 35 ಪಿಪಿಟಿ ಸಮುದ್ರದ ನೀರಿಗೆ ಸಮ. ಮುಚ್ಚಳ ಬಿಗಿದಿಟ್ಟು ತಿಂಗಳಿಗೊಮ್ಮೆ ಅದರಿಂದಲೇ ಉಪಕರಣ ಹೊಂದಿಸಿ.

ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ಕಡಿಮೆಯಾದ ಮಟ್ಟವನ್ನು ಯಾವಾಗಲೂ ಸಿಹಿನೀರಿನಿಂದಲೇ, ಅಂದರೆ ಉಪ್ಪು ಬೆರೆಸದ ಡಿಐ ನೀರಿನಿಂದಲೇ ತುಂಬಬೇಕು. ದಿನಕ್ಕೊಮ್ಮೆ ಮಗ್ಗಿನಲ್ಲಿ ಸುರಿಯುವುದಕ್ಕಿಂತ ಮಟ್ಟ ಇಳಿದಾಗ ತಾನಾಗಿ ನೀರು ತುಂಬುವ, ಫ್ಲೋಟ್ ಇರುವ ಆಟೋ ಟಾಪ್ ಆಫ್ ಒಳ್ಳೆಯದು. ಫ್ಲೋಟ್ ಅಂಟಿಕೊಂಡು ಪಂಪು ನಿಲ್ಲದೇ ಹೋಗುವುದೂ ಉಂಟು. ಆದ್ದರಿಂದ ಸಿಹಿನೀರಿನ ಡ್ರಮ್ಮು ಚಿಕ್ಕದಾಗಿರಲಿ: 200 ಲೀಟರ್ ತೊಟ್ಟಿಗೆ 15 ಲೀಟರಿನದು ಸಾಕು. ಪೂರ್ತಿ ಸುರಿದರೂ ಉಪ್ಪಿನಂಶ 32.5ರ ಆಸುಪಾಸಿಗೆ ಇಳಿಯುತ್ತದೆ. ಅದು ಆಘಾತ ಹೌದು, ಆದರೆ ಹೆಚ್ಚಿನ ಹವಳ ತಡೆದುಕೊಳ್ಳುತ್ತದೆ.

ಇನ್ನು ಶಾಖ. ತೊಟ್ಟಿಯ ನೀರು 25ರಿಂದ 26 ಡಿಗ್ರಿ ಸೆಲ್ಸಿಯಸ್ ಇರಲಿ. ಸಮುದ್ರದಲ್ಲೇ ಹವಳ ತನ್ನ ತಾಳಿಕೆಯ ಮೇಲಂಚಿನಲ್ಲಿ ಬದುಕುತ್ತದೆ. ಆ ಜಾಗದ ಬೇಸಿಗೆಯ ಗರಿಷ್ಠಕ್ಕಿಂತ ಕೇವಲ 1 ಡಿಗ್ರಿ ಹೆಚ್ಚು ಶಾಖ ಕೆಲವು ವಾರ ನಿಂತರೆ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. 1998ರಲ್ಲಿ ಲಕ್ಷದ್ವೀಪದ ದಂಡೆಗಳು ಹೀಗೆಯೇ ಬಿಳಿಚಿಕೊಂಡವು. ಬೆಂಗಳೂರು, ಹುಬ್ಬಳ್ಳಿಯ ಒಣ ಬೇಸಿಗೆಯಲ್ಲಿ ನೀರಿನ ಮೇಲ್ಮೈಗೆ ಗಾಳಿ ಬೀಸುವ ಪುಟ್ಟ ಫ್ಯಾನು 2ರಿಂದ 3 ಡಿಗ್ರಿ ಇಳಿಸಬಲ್ಲದು. 1 ಲೀಟರ್ ನೀರು ಆವಿಯಾದರೆ 200 ಲೀಟರಿನಿಂದ ಸುಮಾರು 3 ಡಿಗ್ರಿಯಷ್ಟು ಶಾಖ ಒಯ್ಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು, ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆವಿಯಾಗುವುದೇ ಕಡಿಮೆ. ಅಲ್ಲಿ ನೀರನ್ನು ತಂಪಾಗಿಸುವ ಚಿಲ್ಲರ್ ಯಂತ್ರ ಬೇಕು, ಅದು ಉಗುಳುವ ಬಿಸಿಗಾಳಿ ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ಸುತ್ತದಂತೆ ಹೊರಗಿಡಬೇಕು. ಕರೆಂಟು ಹೋದಾಗ ಶಾಖಕ್ಕಿಂತ ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆ. ಮನೆಯ ಇನ್ವರ್ಟರಿಗೆ ಚಿಲ್ಲರನ್ನಾಗಲಿ ಹೀಟರನ್ನಾಗಲಿ ಕೊಡದೆ, ನೀರು ಕದಡುವ, 10ರಿಂದ 15 ವ್ಯಾಟಿನ ಒಂದು ವೇವ್‌ಮೇಕರ್ ಮಾತ್ರ ಕೊಡಿ. ನೀರಿನ ಮೇಲ್ಮೈ ಕದಡುತ್ತಿದ್ದರೆ ರಾತ್ರಿಯಿಡೀ ತೊಟ್ಟಿ ಉಸಿರಾಡುತ್ತದೆ.

ಬೆಳಕಿನ ವಿಷಯ ಜನ ಎಣಿಸಿದಷ್ಟು ಕಷ್ಟದ್ದಲ್ಲ. ಮಶ್ರೂಮ್, ಜೋಆಂಥಿಡ್‌ಗಳಿಗೆ 50ರಿಂದ 120 ಪಾರ್ (ಪಾಚಿಗೆ ಉಪಯೋಗವಾಗುವ ಬೆಳಕಿನ ಅಳತೆ), ದೊಡ್ಡ ಪಾಲಿಪಿನ ಗಟ್ಟಿ ಹವಳಕ್ಕೆ 80ರಿಂದ 150, ಅಕ್ರೋಪೋರಾದಂಥ ಸಣ್ಣ ಪಾಲಿಪಿನವಕ್ಕೆ 200ರಿಂದ 350. ಹೊಸ ಹವಳವನ್ನು ತಳದಲ್ಲಿಟ್ಟು ಎರಡು ಮೂರು ವಾರಗಳಲ್ಲಿ ಮೇಲೇರಿಸಿ. ಹೊಸ ದೀಪವಾದರೆ ಅರ್ಧ ಶಕ್ತಿಯಿಂದ ಶುರುಮಾಡಿ ವಾರಕ್ಕೆ ಶೇ 5ರಂತೆ ಹೆಚ್ಚಿಸಿ. ನೀರಿನ ಓಟವೂ ಬೆಳಕಿನಷ್ಟೇ ಮುಖ್ಯ: ಮೃದು ಹವಳಕ್ಕೆ ಗಂಟೆಗೆ ತೊಟ್ಟಿಯ ನೀರಿನ 15ರಿಂದ 20 ಪಟ್ಟು, ಸಣ್ಣ ಪಾಲಿಪಿನವಕ್ಕೆ 40 ಪಟ್ಟು ಅಥವಾ ಹೆಚ್ಚು. ಒಂದೇ ಕಡೆಯಿಂದ ನೇರ ಬಡಿಯುವ ಪ್ರವಾಹ ಅಂಗಾಂಶ ಕಿತ್ತುಬಿಡುತ್ತದೆ. ಎರಡು ಪಂಪುಗಳನ್ನು ಎದುರುಬದುರು ಇಟ್ಟು ಪ್ರವಾಹಗಳು ನಡುವೆ ಡಿಕ್ಕಿಯಾಗುವಂತೆ ಮಾಡಿ.

ಈಗ ಲೆಕ್ಕಕ್ಕೆ ಬರೋಣ. ಗಟ್ಟಿ ಹವಳದ ತೊಟ್ಟಿ ನಿಂತಿರುವುದು ಮೂರು ಅಂಕಿಗಳ ಮೇಲೆ: ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟ್ ಸಂಗ್ರಹದ ಅಳತೆ, ಅದರ ಮಾನ ಡಿಕೆಎಚ್) 8ರಿಂದ 9 ಡಿಕೆಎಚ್, ಕ್ಯಾಲ್ಸಿಯಂ 410ರಿಂದ 440 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ), ಮೆಗ್ನೀಸಿಯಂ 1280ರಿಂದ 1350 ಪಿಪಿಎಂ. ಇವುಗಳಲ್ಲಿ ದಿನವೂ ಕಣ್ಣಿಡಬೇಕಾದದ್ದು ಆಲ್ಕಲಿನಿಟಿ. ಏಕೆಂದರೆ ಅಸ್ಥಿ ಕಟ್ಟುವಾಗ ಹವಳ ಆಲ್ಕಲಿನಿಟಿ, ಕ್ಯಾಲ್ಸಿಯಂ ಎರಡನ್ನೂ ಗೊತ್ತಾದ ಅನುಪಾತದಲ್ಲಿ ತೆಗೆಯುತ್ತದೆ: 1 ಡಿಕೆಎಚ್ ಇಳಿಯುವಾಗ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಇಳಿಯುತ್ತದೆ. 8.5ರಲ್ಲಿ 1 ಹೋಗುವುದೆಂದರೆ ಶೇ 12ರಷ್ಟು ನಷ್ಟ. 420ರಲ್ಲಿ 7 ಹೋದರೆ ಶೇ 2 ಕೂಡ ಅಲ್ಲ, ಹೆಚ್ಚಿನ ಕಿಟ್‌ಗಳಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ. ಕ್ಯಾಲ್ಸಿಯಂ ಸರಿಯಿದೆ ಎಂದು ನೆಮ್ಮದಿಯಿಂದಿರುವಾಗಲೇ ಆಲ್ಕಲಿನಿಟಿ 6ಕ್ಕೆ ಜಾರಿರಬಹುದು.

ಲೆಕ್ಕ ಹಾಕುವ ಕ್ರಮ ಹೀಗಿದೆ. 90×45×45 ಸೆಂ.ಮೀ. ತೊಟ್ಟಿ, ಕೆಳಗೊಂದು ಸಂಪ್ (ಫಿಲ್ಟರು, ಪಂಪುಗಳಿರುವ ಸಣ್ಣ ತೊಟ್ಟಿ) ಎಂದುಕೊಳ್ಳಿ. ಬಂಡೆ, ಮರಳು ಕಳೆದು ಒಟ್ಟು ನೀರು ಸುಮಾರು 200 ಲೀಟರ್. ಮೂರು ದಿನ ಏನೂ ಬೆರೆಸದೆ, ನೀರೂ ಬದಲಿಸದೆ, ದಿನದ ಒಂದೇ ಹೊತ್ತಿಗೆ ಅಳೆಯಿರಿ. ಮೊದಲ ದಿನ 8.6, ಮೂರು ದಿನ ಕಳೆದು 7.1 ಬಂದರೆ ದಿನಕ್ಕೆ 0.5 ಡಿಕೆಎಚ್ ಖರ್ಚು. 100 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಬೇಕು. ಅಂದರೆ ಈ ತೊಟ್ಟಿಗೆ ದಿನಕ್ಕೆ 3 ಗ್ರಾಂ. ಅದಕ್ಕೆ ಸರಿಯಾಗಿ ಹೋದ ಕ್ಯಾಲ್ಸಿಯಂ 3.6 ಪಿಪಿಎಂ, ತುಂಬಲು ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 2.6 ಗ್ರಾಂ. ಅಳತೆ ಸುಲಭವಾಗಲು 1 ಲೀಟರ್ ಡಿಐ ನೀರಿಗೆ 60 ಗ್ರಾಂ ಸೋಡಾ ಒಂದು ಬಾಟಲಿಯಲ್ಲಿ, 52 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಇನ್ನೊಂದರಲ್ಲಿ ಕರಗಿಸಿಡಿ. ದಿನಕ್ಕೆ ಎರಡರಿಂದಲೂ 50 ಮಿ.ಲೀ. ಕ್ಯಾಲ್ಸಿಯಂ ಕ್ಲೋರೈಡ್ ಕರಗುವಾಗ ನೀರು ಬಿಸಿಯಾಗುತ್ತದೆ, ಕೈಗವಸು ಹಾಕಿ ನಿಧಾನಕ್ಕೆ ಬೆರೆಸಿ. ಬೇಕಿಂಗ್ ಪೌಡರ್ ಬೇರೆ ವಸ್ತು. ಅದರಲ್ಲಿ ಪಿಷ್ಟ, ಆಮ್ಲ, ಕೆಲವೊಮ್ಮೆ ಫಾಸ್ಫೇಟ್ ಸೇರಿರುತ್ತದೆ. ತೊಟ್ಟಿಗೆ ಹಾಕಲೇಬಾರದು.

ಎರಡನ್ನೂ ಒಟ್ಟಿಗೆ ಸುರಿದರೆ ಅಲ್ಲೇ ಬಿಳಿ ಮೋಡ ಕಟ್ಟಿ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕಿಳಿಯುತ್ತದೆ. ಹವಳಕ್ಕೆ ಸಲ್ಲಬೇಕಾದದ್ದು ಹೀಟರಿನ ಮೇಲೆ, ಪಂಪಿನ ಇಂಪೆಲ್ಲರಿನಲ್ಲಿ ಚರಟ ಕಟ್ಟುತ್ತದೆ. ಅರ್ಧ ಗಂಟೆ ಅಂತರವಿಟ್ಟು, ನೀರು ಜೋರಾಗಿ ಓಡುವ ಕಡೆ ಹಾಕಿ. ದಿನದ ಪಾಲನ್ನು ಡೋಸಿಂಗ್ ಪಂಪಿನಲ್ಲಿ ಹತ್ತಾರು ಕಂತಿಗೆ ಹಂಚಿದರೆ ಇನ್ನೂ ಚೆನ್ನ. ಈ ಕ್ರಮದಲ್ಲಿ ಉಳಿಯುವ ಶೇಷ ಅಡುಗೆ ಉಪ್ಪು, ಸೋಡಿಯಂ ಕ್ಲೋರೈಡ್. ವಾರ ವಾರ ಉಪ್ಪಿನಂಶ ಮೆಲ್ಲಗೆ ಏರುವುದು ಅದರಿಂದಲೇ. ವಾರಕ್ಕೆ ಶೇ 10 ನೀರು ಬದಲಿಸುವುದು ಈ ಕಾರಣಕ್ಕೂ ಬೇಕು.

ಇನ್ನೊಂದು ದಾರಿ ಸುಣ್ಣದ ತಿಳಿ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಕದಡಿ, ಗಸಿ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಆವಿಯಾದ ನೀರಿನ ಬದಲಿಗೆ ಹನಿಹನಿಯಾಗಿ ಬಿಡುವುದು. 100 ಲೀಟರಿಗೆ 1 ಲೀಟರ್ ತಿಳಿ ಕೊಟ್ಟರೆ ಸುಮಾರು 1.1 ಡಿಕೆಎಚ್, 8 ಪಿಪಿಎಂ ಕ್ಯಾಲ್ಸಿಯಂ ಎರಡೂ ಸಿಗುತ್ತವೆ, ಶೇಷವೇನೂ ಉಳಿಯದು. ಪಿಎಚ್ ಕೂಡ ಏರುತ್ತದೆ. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ 7.8ಕ್ಕೆ ಕುಸಿದಿರುವವರಿಗೆ ಇದು ವರ. ಆದರೆ ತಿಳಿಯ ಪಿಎಚ್ 12ಕ್ಕೂ ಮೇಲೆ: ಒಮ್ಮೆಗೇ ಸುರಿದರೆ ತೊಟ್ಟಿಯೇ ಸಾಯುತ್ತದೆ. ಎಲೆಯಡಿಕೆಯ ಸುಣ್ಣ ಬೇಡ, ಅದರ ಶುದ್ಧತೆಗೆ ಖಾತರಿಯಿಲ್ಲ.

ಆಲ್ಕಲಿನಿಟಿ ಕುಸಿದಿದೆ ಎಂದು ಗೊತ್ತಾದ ದಿನ ಗಾಬರಿಯಿಂದ 6ರಿಂದ 9ಕ್ಕೆ ಏರಿಸಿದವರೇ ಹವಳ ಕಳೆದುಕೊಳ್ಳುವುದು ಹೆಚ್ಚು. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಅರ್ಧ ಏರಿಸಿದರೆ ಇನ್ನೂ ಕ್ಷೇಮ. ಎಷ್ಟು ಸೇರಿಸಿದರೂ ಅಂಕಿ ನಿಲ್ಲದಿದ್ದರೆ ಮೆಗ್ನೀಸಿಯಂ ನೋಡಿ. ಅದು ಸುಣ್ಣದ ಹರಳು ತಾನಾಗಿ ಬೆಳೆಯದಂತೆ ತಡೆಯುವ ಅಂಶ. 1200ಕ್ಕಿಂತ ಕೆಳಗಿಳಿದರೆ ಉಳಿದೆರಡನ್ನು ಹಿಡಿದಿಡುವುದು ಕಷ್ಟ. 100 ಲೀಟರಿಗೆ 10 ಪಿಪಿಎಂ ಏರಿಸಲು ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 8.4 ಗ್ರಾಂ. ಬರೀ ಮಶ್ರೂಮ್, ಜೋಆಂಥಿಡ್, ಲೆದರ್ ಇರುವ ತೊಟ್ಟಿಗೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಖರ್ಚು ಮಾಡುವುದು ಮುಖ್ಯವಾಗಿ ಬಂಡೆಯ ಮೇಲಿನ ಗುಲಾಬಿ ಕೋರಲೈನ್ ಪಾಚಿ. ವಾರಕ್ಕೊಮ್ಮೆ ಅಳೆದು, ನೀರು ಬದಲಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಪೋಷಕಾಂಶವನ್ನು ಸೊನ್ನೆಗಿಳಿಸುವುದು ಸ್ವಚ್ಛತೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ನೈಟ್ರೇಟ್ 5ರಿಂದ 15 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲೇಬೇಕು. ಹವಳದೊಳಗಿನ ಪಾಚಿಗೂ ಇವು ಗೊಬ್ಬರ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳನ್ನು ಅತಿಯಾಗಿ ಬಳಸಿ ಫಾಸ್ಫೇಟನ್ನು ಸೊನ್ನೆ ಮಾಡಿದರೆ ಹವಳ ಬಿಳಿಚುತ್ತದೆ, ಮರಳಿನ ಮೇಲೆ ಗುಳ್ಳೆ ಕಟ್ಟಿದ ಕಂದು ಲೋಳೆ ಹರಡುತ್ತದೆ. ಅದು ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ, ಓಡಿಸುವುದು ತಿಂಗಳುಗಳ ಕೆಲಸ. ಆಗ ಮೀನಿಗೆ ಆಹಾರ ಹೆಚ್ಚಿಸಿ, ಹೀರುವ ಹರಳನ್ನು ತೆಗೆಯಿರಿ.

ಹವಳ ತೋರಿಸುವ ಗುರುತುಗಳನ್ನು ಓದಲು ಕಲಿಯಬೇಕು. ಬಣ್ಣ ಕಂದಿ ಕಂದು ತಿರುಗಿದರೆ ಬೆಳಕು ಕಡಿಮೆ ಅಥವಾ ಪೋಷಕಾಂಶ ಹೆಚ್ಚು. ಒಳಗಿನ ಪಾಚಿ ದಟ್ಟವಾಗಿದೆ, ಜೀವಕ್ಕೆ ಅಪಾಯವಿಲ್ಲ. ಮೇಲ್ಮುಖದಿಂದ ಬಿಳಿಚಿದರೆ ಬೆಳಕು ಅಥವಾ ಶಾಖ ಹೆಚ್ಚಾಗಿದೆ, ನೆರಳಿಗೆ ಸರಿಸಿ. ಅಕ್ರೋಪೋರಾದ ತುದಿ ಮಾತ್ರ ಸುಟ್ಟಂತಾದರೆ ಪೋಷಕಾಂಶ ತೀರಾ ಕಡಿಮೆಯಿರುವ ನೀರಿನಲ್ಲಿ ಆಲ್ಕಲಿನಿಟಿ 10–11ಕ್ಕೆ ಏರಿರಬಹುದು. ಬುಡದಿಂದ ಮೇಲಕ್ಕೆ ಅಂಗಾಂಶ ಸುಲಿಯುತ್ತ ಬಿಳಿ ಅಸ್ಥಿ ಕಂಡರೆ ಮೊದಲು ಆಲ್ಕಲಿನಿಟಿ ಮತ್ತು ಉಪ್ಪಿನಂಶ ಅಳೆಯಿರಿ, ಆರೋಗ್ಯವಾಗಿರುವ ತುದಿಯನ್ನು ಕತ್ತರಿಸಿ ಬೇರೆಡೆ ನೆಡಿ. ಬುಡವನ್ನು ಉಳಿಸಲು ಕಾಯುತ್ತ ಕೂತರೆ ಎರಡೂ ಹೋಗುತ್ತವೆ. ಲೆದರ್ ಹವಳ ಮುದುಡಿ ಮೇಣದಂಥ ಹೊಳಪು ಪೊರೆ ಹೊತ್ತು ವಾರಗಟ್ಟಲೆ ಕೂತರೆ ಸತ್ತಿತೆಂದು ಎಸೆಯಬೇಡಿ. ಅದು ಪೊರೆ ಕಳಚುತ್ತಿದೆ, ನೀರಿನ ಓಟ ಸ್ವಲ್ಪ ಹೆಚ್ಚಿಸಿ.

ಲೆದರ್ ನೀರಿಗೆ ಬಿಡುವ ರಾಸಾಯನಿಕಗಳು ಪಕ್ಕದ ಗಟ್ಟಿ ಹವಳವನ್ನು ಕುಗ್ಗಿಸುತ್ತವೆ. ಎರಡನ್ನೂ ಇಟ್ಟವರು ಆಕ್ಟಿವೇಟೆಡ್ ಕಾರ್ಬನ್ ಹಾಕಿ ತಿಂಗಳಿಗೊಮ್ಮೆ ಬದಲಿಸಬೇಕು. ಗ್ಯಾಲಕ್ಸಿಯಾದಂಥ ಗಟ್ಟಿ ಹವಳಗಳು ರಾತ್ರಿ 15 ಸೆಂ.ಮೀ. ಮೀರಿ ಕುಟುಕು ಬಳ್ಳಿ ಚಾಚುತ್ತವೆ, ಅಷ್ಟು ಜಾಗ ಬಿಡಿ. ಮನೆಯ ವಿಷಗಳೂ ಇವೆ: ಸೊಳ್ಳೆ ಸ್ಪ್ರೇ, ಲಿಕ್ವಿಡ್ ವೇಪರೈಸರ್‌ಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೂ ಸೀಗಡಿಗೂ ಘೋರ ವಿಷ, ಗುಳ್ಳೆಗಳಿಂದ ಕೊಳೆ ತೆಗೆಯುವ ಸ್ಕಿಮ್ಮರ್ ಮತ್ತು ಏರ್ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ಎಳೆಯುತ್ತವೆ. ತೊಟ್ಟಿಯಿರುವ ಕೋಣೆಗೆ ಸೊಳ್ಳೆಪರದೆಯ ಕಿಟಕಿಯೇ ಸರಿ. ಮೀನಿಗೆ ಬಿಳಿ ಚುಕ್ಕೆ ಬಂದರೆ ತಾಮ್ರದ ಔಷಧಿಯನ್ನು ಬೇರೆ ತೊಟ್ಟಿಯಲ್ಲಿ ಕೊಡಿ.

ಹೊಸ ಹವಳ ತಂದಾಗ ಉಷ್ಣತೆ ಹೊಂದಿಸಿ, ಹವಳಕ್ಕೆಂದೇ ಸಿಗುವ ಡಿಪ್ ದ್ರಾವಣದಲ್ಲಿ ಬಾಟಲಿಯ ಮೇಲಿನ ಪ್ರಮಾಣ, ಸಮಯ ಮೀರದಂತೆ ಅದ್ದಿ, ಪಿಚಕಾರಿಯಿಂದ ನೀರು ಚಿಮ್ಮಿಸಿ ಜಾಡಿಸಿ. ಹವಳ ತಿನ್ನುವ ಚಪ್ಪಟೆಹುಳು, ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಸಮುದ್ರ ಬಸವನಹುಳು) ಉದುರುತ್ತವೆ. ಮೊಟ್ಟೆಗಳು ಡಿಪ್‌ಗೆ ಸಾಯುವುದಿಲ್ಲ. ತುಂಡನ್ನು ಅಂಟಿಸಿರುವ ಹಳೆಯ ಪ್ಲಗ್ (ಪುಟ್ಟ ಪೀಠ) ತೆಗೆದು, ಬುಡದಲ್ಲಿ ಮೊಟ್ಟೆಯ ಸುರುಳಿ ಕಂಡರೆ ಕೆರೆದು, ಸಯನೋಅಕ್ರಿಲೇಟ್ ಜೆಲ್ ಅಂಟಿನಿಂದ ಹೊಸ ಪ್ಲಗ್ಗಿಗೆ ಕೂರಿಸಿ. ನಾಲ್ಕರಿಂದ ಆರು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ವಾರಕ್ಕೊಮ್ಮೆ ಮತ್ತೆ ಅದ್ದಿದರೆ ಒಡೆದ ಮರಿಗಳೂ ಹೋಗುತ್ತವೆ.

ಜೋಆಂಥಿಡ್ ಮತ್ತು ಅದೇ ಗುಂಪಿನ ಪ್ಯಾಲಿಥೋವಾ ಕತ್ತರಿಸುವವರು ಕನ್ನಡಕ, ಕೈಗವಸು ಇಲ್ಲದೆ ಕೂರಬೇಡಿ. ಇವುಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ವಿಷ ಹೊತ್ತಿರುತ್ತವೆ, ಪ್ರಾಣಿಗಳ ವಿಷಗಳಲ್ಲಿ ಅತಿ ತೀವ್ರವಾದವುಗಳ ಸಾಲಿಗೆ ಸೇರಿದ್ದು. ಕತ್ತರಿಸಿದಾಗ ಚಿಮ್ಮುವ ರಸ ಕಣ್ಣಿಗಾಗಲಿ ಗಾಯಕ್ಕಾಗಲಿ ಬೀಳಬಾರದು. ಇವು ಹಬ್ಬಿದ ಬಂಡೆಯನ್ನು ಶುಚಿ ಮಾಡಲೆಂದು ಕುದಿಸುವುದು, ಬಿಸಿನೀರು ಹೊಯ್ದು ಉಜ್ಜುವುದು ಕೂಡದು. ವಿಷ ಹಬೆಯೊಡನೆ ಗಾಳಿಗೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ. ಕೆಲಸದ ನಂತರ ಬ್ಲೇಡು, ಟ್ರೇಗಳನ್ನು ಬ್ಲೀಚಿನಲ್ಲಿ ನೆನೆಸಿ ತೊಳೆಯಿರಿ. ಕೆಲಸ ಮಾಡಿದ ಮೇಲೆ ಉಸಿರಾಟ ಕಷ್ಟವಾದರೆ, ಜ್ವರ, ಬಾಯಲ್ಲಿ ಲೋಹದ ರುಚಿ, ಕಣ್ಣುರಿ ಕಂಡರೆ ತಕ್ಷಣ ವೈದ್ಯರ ಬಳಿ ಹೋಗಿ, ಪ್ಯಾಲಿಟಾಕ್ಸಿನ್ ಎಂಬ ಹೆಸರನ್ನು ಸ್ಪಷ್ಟವಾಗಿ ಹೇಳಿ.